ರೂಮ್ ಕ್ಲೀನ್ ಮಾಡಿದವರ ಕೈಗೇ ಟಿಪ್ಸ್ ಮುಟ್ಟಿಸೋದು ಹೇಗೆ?

ಬೆಳಿಗ್ಗೆ ಒಂಬತ್ತರ ಸುಮಾರಿಗೆ ಕಲಬುರಗಿಯ ಯಾವುದಾದರೂ ಲಾಡ್ಜಿನ ಕೌಂಟರ್ ಹತ್ತಿರ ಹತ್ತು ನಿಮಿಷ ನಿಂತು ನೋಡಿ. ಗಿರಾಕಿ ಬಿಲ್ ಕಟ್ಟುವ ಹೊತ್ತಿಗೆ ಬ್ಯಾಗ್ ಇಳಿಸಿ ತಂದ ಹುಡುಗ ಒಂದು ಕಡೆ, ಲಿಫ್ಟಿನ ಬಾಗಿಲು ಹಿಡಿದವ ಇನ್ನೊಂದು ಕಡೆ, ಹೊರಗೆ ಆಟೋ ನಿಲ್ಲಿಸಿಟ್ಟ ವಾಚ್‌ಮನ್ ಮತ್ತೊಂದು ಕಡೆ ನಿಂತಿರುತ್ತಾರೆ. ಗಿರಾಕಿ ಜೇಬಿಗೆ ಕೈ ಹಾಕಿ ಇವರಿಗೆ ಇಪ್ಪತ್ತು, ಅವರಿಗೆ ಐವತ್ತು ಕೊಟ್ಟು, ದೊಡ್ಡ ಮನುಷ್ಯನಾದೆ ಅಂದುಕೊಂಡು ಆಟೋ ಹತ್ತುತ್ತಾನೆ. ಮೂರು ದಿನ ಅವನ ಕಮೋಡು ತಿಕ್ಕಿ, ಅವನ ಕೂದಲು ಆರಿಸಿ, ಹಾಸಿಗೆ ಮೇಲಿನ ಬೆಡ್‌ಶೀಟ್ ಬದಲಿಸಿದ ಅಕ್ಕ ಆ ಹೊತ್ತಿಗೆ ಮೂರನೇ ಫ್ಲೋರಿನಲ್ಲಿ ಇನ್ನೊಬ್ಬರ ಬಾತ್‌ರೂಮಿನಲ್ಲಿ ಕೂತಿರುತ್ತಾಳೆ. ಆಕೆಗೆ ಇವನು ಹೋದದ್ದೂ ಗೊತ್ತಾಗುವುದಿಲ್ಲ.

ನಾನು ಅಂಥದ್ದೇ ಒಂದು ಕೌಂಟರಿನ ಹಿಂದೆ ನಾಲ್ಕು ವರ್ಷ ಕೂತವನು. ಜನ ಟಿಪ್ಸ್ ಕೊಡುವುದೇ ಇಲ್ಲ ಅನ್ನುವುದು ಸುಳ್ಳು. ಕೊಡುತ್ತಾರೆ. ಆದರೆ ಕಣ್ಣಿಗೆ ಬಿದ್ದವರಿಗೆ ಕೊಡುತ್ತಾರೆ. ಕ್ಲೀನಿಂಗ್ ಕೆಲಸದಲ್ಲಿ ಕಣ್ಣಿಗೆ ಬೀಳದಿರುವುದೇ ಕೆಲಸದ ಒಂದು ಭಾಗ. ನೀವು ಕೋಟೆ ನೋಡಲು ಹೋದಾಗ ಅವರು ಒಳಗೆ ಬರಬೇಕು, ನೀವು ತಿರುಗಿ ಬರುವುದರೊಳಗೆ ಹೋಗಿರಬೇಕು. ಹಾಗಾಗಿ ಅವರಿಗೆ ರೊಕ್ಕ ಮುಟ್ಟಬೇಕೆಂದರೆ ನೀವೇ ಸ್ವಲ್ಪ ತಯಾರಿ ಮಾಡಿಕೊಳ್ಳಬೇಕು. ಊರಿಂದ ಹೊರಡುವ ದಿನದಿಂದಲೇ ಶುರು ಮಾಡೋಣ.

ಮೊದಲು ಚಿಲ್ಲರ

ಎಟಿಎಂ ಹೆಚ್ಚಾಗಿ ಕೊಡುವುದು ಐನೂರರ ನೋಟು. ಐನೂರರ ನೋಟು ಹಿಡಿದು ಫ್ಲೋರಿನ ಅಕ್ಕನ ಮುಂದೆ ನಿಂತು 'ಚಿಲ್ಲರ ಅದ ಏನ್ರೀ?' ಅಂತ ಕೇಳುವುದಕ್ಕಿಂತ ಕೊಡದಿರುವುದೇ ವಾಸಿ. ಆಕೆಯ ಹತ್ತಿರ ಎಲ್ಲಿಂದ ಇರಬೇಕು? ಮೂರು ದಿನದ ಪ್ರವಾಸಕ್ಕೆ ಇಪ್ಪತ್ತರ ಹತ್ತು ನೋಟು, ಐವತ್ತರ ನಾಲ್ಕು ನೋಟು ಸಾಕು. ಮನೆ ಹತ್ತಿರದ ಕಿರಾಣಿ ಅಂಗಡಿಯಲ್ಲೇ ಕೇಳಿ ಇಟ್ಟುಕೊಳ್ಳಿ. ಮರೆತು ಬಂದಿದ್ದರೆ ರಾತ್ರಿ ಊಟ ಮಾಡಿದ ಖಾನಾವಳಿಯಲ್ಲಿ ಕೇಳಿ. ದಿನವಿಡೀ ಗಲ್ಲಾಕ್ಕೆ ಸಣ್ಣ ನೋಟು ಬಿದ್ದಿರುವುದರಿಂದ ಅಲ್ಲಿ ಸಿಗುತ್ತದೆ. ಹತ್ತರ ನಾಣ್ಯ ಚಲಾವಣೆಯಲ್ಲಿದೆ, ರಿಸರ್ವ್ ಬ್ಯಾಂಕ್ ಮತ್ತೆ ಮತ್ತೆ ಹಾಗೆಂದು ಹೇಳಿದೆ. ಆದರೂ ನಮ್ಮ ಕಡೆಯ ಎಷ್ಟೋ ಅಂಗಡಿಯವರು ಅದನ್ನು ನೋಡಿ ಮುಖ ತಿರುವುತ್ತಾರೆ. ಆ ಜಗಳವನ್ನು ಆಕೆಯ ಪಾಲಿಗೆ ಬಿಟ್ಟು ಹೋಗಬೇಡಿ, ನೋಟೇ ಕೊಡಿ.

ಫೋನ್‌ಪೇ ಮಾಡಿದರಾಗದೇ ಅಂತ ಹೊಸ ಹುಡುಗರು ಕೇಳುತ್ತಾರೆ. ಮಾಡಬಹುದು, ಆದರೆ ಮೊದಲು ಯಾರ ನಂಬರ್ ಅಂತ ನೋಡಿ. ನಾನು ನೋಡಿದಂತೆ ಕ್ಲೀನಿಂಗ್ ಕೆಲಸದ ಹೆಂಗಸರಲ್ಲಿ ಎಷ್ಟೋ ಜನ ಹೇಳುವ ನಂಬರ್ ಮಗನದೋ ಗಂಡನದೋ ಆಗಿರುತ್ತದೆ. ರೊಕ್ಕ ಅವರ ಖಾತೆಗೆ ಬೀಳುತ್ತದೆ, ಸಂಜೆ ಹೊತ್ತಿಗೆ ಅವರ ಖರ್ಚಿಗೇ ಹೋಗುತ್ತದೆ. ಕೌಂಟರ್ ಮೇಲಿನ ಕ್ಯುಆರ್ ಕೋಡಿಗೆ ಹಾಕಿದರೆ ಅದು ಮಾಲೀಕರ ಖಾತೆಗೇ ಸೇರುತ್ತದೆ. ಅಲ್ಲಿಂದ ಫ್ಲೋರಿಗೆ ಹತ್ತಿ ಬರುವ ಟಿಪ್ಸ್ ನಾನಂತೂ ಕಂಡಿಲ್ಲ.

ಬಂದ ದಿನ: ಯಾರು ಯಾವ ಕೆಲಸದವರು

ಸ್ಟೇಷನ್ ಆಸುಪಾಸಿನ, ಬಸ್ ಸ್ಟ್ಯಾಂಡ್ ಎದುರಿನ ಸಣ್ಣ ಲಾಡ್ಜುಗಳಲ್ಲಿ ಒಬ್ಬನೇ ರೂಮ್ ಬಾಯ್ ನೀರು ತರುತ್ತಾನೆ, ಚಹಾ ತರುತ್ತಾನೆ, ಕಸ ಹೊಡೆಯುತ್ತಾನೆ. ಅಲ್ಲಿ ತಲೆಬಿಸಿ ಇಲ್ಲ, ಅವನಿಗೆ ಕೊಟ್ಟರೆ ಆಯಿತು. ದೊಡ್ಡ ಹೋಟೆಲಿನಲ್ಲಿ ಚಹಾ ತರುವವನು ರೂಮ್ ಸರ್ವೀಸಿನವನು, ಬ್ಯಾಗ್ ತರುವವನು ಬೇರೆ, ಕ್ಲೀನಿಂಗಿನವರು ಬೇರೆ. ಚಹಾದವನಿಗೆ ಕೊಟ್ಟು ಕ್ಲೀನಿಂಗಿನವರಿಗೂ ಕೊಟ್ಟೆ ಅಂದುಕೊಳ್ಳುವವರೇ ಹೆಚ್ಚು.

ಆದ್ದರಿಂದ ಬಂದ ದಿನ ರೂಮ್ ತೋರಿಸಲು ಬಂದ ಹುಡುಗನನ್ನು ಒಂದು ಮಾತು ಕೇಳಿ: 'ಈ ಫ್ಲೋರ್ ಕ್ಲೀನ್ ಮಾಡೋರು ಯಾರು ತಮ್ಮಾ? ಎಷ್ಟೊತ್ತಿಗೆ ಬರ್ತಾರ?' 'ಯಕ್ಕ ಬರ್ತಾಳ್ರಿ, ಹತ್ತಕ್ಕ' ಅಂತಾನೆ. ನಿಮಗೆ ಬೇಕಾದ ಮಾಹಿತಿ ಅಷ್ಟೇ. ಮರುದಿನ ಹೊರಗೆ ಹೋಗುವಾಗ ಕಾರಿಡಾರಿನಲ್ಲಿ ಬಕೆಟ್, ಬೆಡ್‌ಶೀಟಿನ ಗಂಟು ಕಂಡರೆ ಆಕೆ ಅಲ್ಲೇ ಎಲ್ಲೋ ಒಂದು ರೂಮಿನೊಳಗೆ ಇದ್ದಾಳೆ ಅಂತ ಅರ್ಥ.

ಎಷ್ಟು ಕೊಡಬೇಕು

ಇದಕ್ಕೆ ಯಾವ ಕಾಯಿದೆಯೂ ಇಲ್ಲ. ಕೊಡಲೇಬೇಕೆಂದೂ ಇಲ್ಲ. ಬಾಡಿಗೆಯಲ್ಲಿ ಶೇಕಡಾ ಇಷ್ಟು ಅಂತ ಲೆಕ್ಕ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಸಾವಿರದ ರೂಮಿನ ಕಮೋಡು, ಐದು ಸಾವಿರದ ರೂಮಿನ ಕಮೋಡು ತಿಕ್ಕುವ ಶ್ರಮ ಒಂದೇ. ಹೇಳಬೇಕೆಂದರೆ ಸಾವಿರದ ರೂಮಿನದೇ ಹೆಚ್ಚು, ಯಾಕೆಂದರೆ ಅಲ್ಲಿ ಒಂದು ರೂಮಿನಲ್ಲಿ ಐದು ಮಂದಿ ಇಳಿದಿರುತ್ತಾರೆ.

ನನ್ನ ಲೆಕ್ಕ ಹೀಗೆ. ಇಬ್ಬರು ಇಳಿದ ಸಾಧಾರಣ ಲಾಡ್ಜ್ ರೂಮಿಗೆ ದಿನಕ್ಕೆ 20ರಿಂದ 30 ರೂಪಾಯಿ. ಎಸಿ, ಲಿಫ್ಟು, ಬಿಳಿ ಟವಲಿನ ಹೋಟೆಲಾದರೆ 50. ಅದಕ್ಕೂ ಮೇಲಿನದಾದರೆ 100. ಮಕ್ಕಳು ಮರಿ ಕಟ್ಟಿಕೊಂಡು ಬಂದು, ಕೂತಲ್ಲೇ ರೊಟ್ಟಿ ಬುತ್ತಿ ಬಿಚ್ಚಿದ್ದರೆ ಇದರ ದುಪ್ಪಟ್ಟು. ಶೇಂಗಾ ಹಿಂಡಿಯ ಎಣ್ಣೆ ಬಿಳಿ ಬೆಡ್‌ಶೀಟಿಗೆ ಹತ್ತಿದರೆ ಅದು ಬಿಡುವುದಲ್ಲ. ಮೆಹಂದಿ, ಅರಿಷಿಣ, ಹೇರ್ ಡೈ ಇವೂ ಅಷ್ಟೇ. ಕಲೆ ಬಿದ್ದರೆ ಅಡಗಿಸಿಡಬೇಡಿ. ಕೆಲವು ಕಡೆ ಹಾಳಾದ ಬೆಡ್‌ಶೀಟಿನ ರೊಕ್ಕ ಫ್ಲೋರಿನವರ ಪಗಾರಿನಲ್ಲಿ ಮುರಿಯುತ್ತಾರೆ. 'ನಮ್ಮಿಂದ ಆಗ್ಯದ್ರಿ' ಅಂತ ಕೌಂಟರಿಗೆ ನೀವೇ ಹೇಳಿ ಹೋದರೆ ಅದು ಆಕೆಗೆ ಐವತ್ತು ರೂಪಾಯಿ ಟಿಪ್ಸಿಗಿಂತ ದೊಡ್ಡದು.

ಯಾರಿಗಾದರೂ ವಾಂತಿಯಾಯಿತು, ಮಗು ಹಾಸಿಗೆಯಲ್ಲೇ ಉಚ್ಚೆ ಹೊಯ್ದುಕೊಂಡಿತು ಅಂದರೆ ಅದನ್ನು ದಿನದ ಲೆಕ್ಕಕ್ಕೆ ಸೇರಿಸಬೇಡಿ. ಕ್ಲೀನ್ ಮಾಡಿದ ಕೂಡಲೇ, ಅಲ್ಲೇ, 100ರಿಂದ 200 ಕೊಡಿ.

ನಮ್ಮ ಕಡೆ ಇನ್ನೊಂದು ಲೆಕ್ಕ ಉಂಟು, ಅದು ಕೂಲರಿನದು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಎಸಿ ಇಲ್ಲದ ರೂಮಿನಲ್ಲಿ ಕೂಲರೇ ಜೀವ. ಆ ಕೂಲರಿನ ಹೊಟ್ಟೆ ತುಂಬಲು ದಿನಕ್ಕೆ ಎರಡು ಸಲ ಬಕೆಟ್ಟುಗಟ್ಟಲೆ ನೀರು ಹೊತ್ತು ತರುವವನೊಬ್ಬ ಇರುತ್ತಾನೆ. ಮಧ್ಯಾಹ್ನ ಎರಡಕ್ಕೆ ನೀವು ಕಣ್ಣು ಮುಚ್ಚಿ ಮಲಗಿದಾಗ ಬಂದು ತುಂಬಿಸಿ ಹೋಗಿರುತ್ತಾನೆ. ಬೇಸಿಗೆಯಲ್ಲಿ ಅವನಿಗೆ ದಿನಕ್ಕೆ 20 ರೂಪಾಯಿ ಬೇರೆಯೇ ತೆಗೆದಿಡಿ.

ದಿನಾ ಕೊಡಿ, ಕೊನೆಯ ದಿನಕ್ಕೆ ಕೂಡಿಡಬೇಡಿ

ಹೋಗುವ ದಿನ ಒಟ್ಟಿಗೆ ಕೊಟ್ಟರಾಯಿತು ಅನ್ನುವುದು ಎಲ್ಲರೂ ಮಾಡುವ ತಪ್ಪು. ಸೋಮವಾರ ಮಾಡಿದವಳಿಗೆ ಮಂಗಳವಾರ ವಾರದ ರಜೆ ಇರಬಹುದು. ಬುಧವಾರ ಆಕೆಯನ್ನು ಬೇರೆ ಫ್ಲೋರಿಗೆ ಹಾಕಿರಬಹುದು. ಕೊನೆಯ ದಿನ ಇದ್ದವಳಿಗೆ ಮೂವರ ಪಾಲು ಸಿಗುತ್ತದೆ, ಉಳಿದ ಇಬ್ಬರಿಗೆ ಏನೂ ಇಲ್ಲ. ದಿನಾ ಕೊಟ್ಟರೆ ನಿಮಗೂ ಲಾಭ. ಎರಡನೇ ದಿನ ಕೇಳದೆಯೇ ಹೆಚ್ಚು ಟವಲ್ ಬಂದಿರುತ್ತದೆ.

'ತೊಂದರೆ ಕೊಡಬೇಡಿ' ಅನ್ನುವ ಬೋರ್ಡನ್ನು ಮೂರು ದಿನ ಬಾಗಿಲಿಗೆ ತೂಗುಹಾಕಿ, ಕ್ಲೀನಿಂಗೇ ಮಾಡಿಸಿಕೊಳ್ಳಲಿಲ್ಲ, ಹಾಗಾಗಿ ಟಿಪ್ಸ್ ಇಲ್ಲ ಅನ್ನುವವರೂ ಇದ್ದಾರೆ. ಮೂರು ದಿನದ ಕಸ ಒಂದೇ ದಿನ ಎತ್ತಬೇಕಾದ ರೂಮ್ ಅದು. ಅದಕ್ಕೆ ಇನ್ನೂ ಹೆಚ್ಚು ಕೊಡಬೇಕು.

ಕೈಗೆ ಕೊಡುವುದು, ಬಿಟ್ಟು ಹೋಗುವುದು

ಸಿಕ್ಕರೆ ಕೈಗೇ ಕೊಡಿ. ಕಾರಿಡಾರಿನಲ್ಲಿ, ಬಾಗಿಲು ತೆರೆದಿರುವ ಕಡೆ. ರೂಮಿನೊಳಗೆ ಕರೆದು ಕೊಡಬೇಡಿ, ಅದರಲ್ಲೂ ಒಬ್ಬರೇ ಗಂಡಸು ಇದ್ದರೆ. ಬೇಡ ಬೇಡ ಅಂದರೂ ಎರಡನೇ ಸಲ ಹೇಳಿ. ಮೊದಲ ಸಲ ಬೇಡ ಅನ್ನುವುದು ನಮ್ಮ ಕಡೆಯ ಮರ್ಯಾದೆ. 'ಇರ್ಲಿ ತಗೋರಿ ಅಕ್ಕಾ, ಚಾಕ್ಕ ಆಗ್ತದ' ಅಂದರೆ ಸಾಕು. ಮಡಚಿ, ಬಲಗೈಯಿಂದ ಕೊಡಿ. ಸಣ್ಣ ಹುಡುಗ ಅಂತ 'ಏ ಬಾ ಇಲ್ಲಿ' ಅಂತ ಕರೆದು ಕೊಟ್ಟ ಐವತ್ತಕ್ಕಿಂತ 'ತಮ್ಮಾ' ಅಂತ ಕರೆದು ಕೊಟ್ಟ ಇಪ್ಪತ್ತು ಅವನಿಗೆ ನೆನಪಿರುತ್ತದೆ. ರಂಜಾನ್ ತಿಂಗಳಲ್ಲಾದರೆ ಚಹಾದ ಮಾತು ಬೇಡ, ಉಪವಾಸ ಇರುವವರು ಬಹಳ ಮಂದಿ.

ಕೈಗೆ ಸಿಗದಿದ್ದಾಗ ರೂಮಿನಲ್ಲಿ ಬಿಟ್ಟು ಹೋಗಬೇಕಾಗುತ್ತದೆ. ಇಲ್ಲೇ ಬಹಳ ಮಂದಿಯ ಒಳ್ಳೇ ಮನಸ್ಸು ವ್ಯರ್ಥವಾಗುವುದು. ನಮ್ಮ ಲಾಡ್ಜಿನಲ್ಲಿ ಒಮ್ಮೆ ಪುಣೆಯ ಕಡೆಯ ವಯಸ್ಸಾದ ದಂಪತಿ ಟೇಬಲ್ ಮೇಲೆ ಇನ್ನೂರು ರೂಪಾಯಿ ಇಟ್ಟು ಹೋಗಿದ್ದರು. ಕ್ಲೀನ್ ಮಾಡಲು ಹೋದ ಅಕ್ಕ ಅದನ್ನು ಮುಟ್ಟದೆ ಕೆಳಗೆ ಬಂದು ನನಗೆ ಹೇಳಿದಳು. ಗಿರಾಕಿ ಮರೆತು ಹೋದ ವಸ್ತು ಅಂತ ರಿಜಿಸ್ಟರಿನಲ್ಲಿ ಬರೆದು ಡ್ರಾಯರಿಗೆ ಹಾಕಿದೆ. ಅವರು ಫೋನ್ ಮಾಡಲಿಲ್ಲ, ಯಾಕೆ ಮಾಡುತ್ತಾರೆ? ಆರು ತಿಂಗಳು ಅದು ಡ್ರಾಯರಿನಲ್ಲೇ ಇತ್ತು. ಆಮೇಲೆ ಏನಾಯಿತೆಂದು ನನ್ನನ್ನು ಕೇಳಬೇಡಿ. ಆಕೆಗಂತೂ ಸಿಗಲಿಲ್ಲ.

ಆಕೆ ಯಾಕೆ ಎತ್ತಿಕೊಳ್ಳಲಿಲ್ಲ? ಕಳ್ಳತನದ ಮಾತು ಮೊದಲು ಬರುವುದೇ ರೂಮ್ ಕ್ಲೀನ್ ಮಾಡುವವರ ಮೇಲೆ. ಸಂಜೆ ಮನೆಗೆ ಹೋಗುವಾಗ ಕೆಲವು ಕಡೆ ಗೇಟಿನಲ್ಲಿ ಅವರ ಚೀಲ ತೆಗೆಸಿ ನೋಡುತ್ತಾರೆ. ಚೀಲದಲ್ಲಿ ಇನ್ನೂರರ ನೋಟು ಎಲ್ಲಿಂದ ಬಂತು ಅಂದರೆ ಆಕೆ ಏನು ತೋರಿಸಬೇಕು?

ತೋರಿಸಲು ಚೀಟಿ ಬೇಕು. ಬಹಳ ಮಂದಿ ಥ್ಯಾಂಕ್ಸ್ ಅಂತಷ್ಟೇ ಬರೆದಿಡುತ್ತಾರೆ. ಚಂದವೇ, ಆದರೆ ಉಪಯೋಗವಿಲ್ಲ. ಆ ಚೀಟಿಯನ್ನು ಓದುವವಳು ಆಕೆಯಲ್ಲ, ಸೂಪರ್‌ವೈಸರ್ ಮತ್ತು ಗೇಟಿನವನು. ಹೀಗೆ ಬರೆಯಿರಿ: 'ರೂಮ್ 204. ಕ್ಲೀನ್ ಮಾಡಿದವರಿಗೆ ಟಿಪ್ಸ್, 50 ರೂಪಾಯಿ.' ಕೆಳಗೆ ತಾರೀಖು, ನಿಮ್ಮ ಸಹಿ. ಬೀದರಿನಲ್ಲಾದರೆ ಕೆಳಗೆ ಹಿಂದಿಯಲ್ಲೂ ಒಂದು ಸಾಲು ಬರೆದರೆ ಒಳ್ಳೆಯದು, ಅಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಓಡಾಡುತ್ತವೆ. ಈಚೆಗೆ ಕೆಲಸಕ್ಕೆ ಹೊರ ರಾಜ್ಯದ ಹುಡುಗರೂ ಇದ್ದಾರೆ.

ಇಡುವ ಜಾಗವೂ ಮುಖ್ಯ. ದಿಂಬಿನ ಕೆಳಗೆ ಬೇಡವೇ ಬೇಡ. ಬೆಡ್‌ಶೀಟ್ ಎಳೆದಾಗ ನೋಟು ಅದರೊಳಗೇ ಮಡಚಿಕೊಂಡು ಧೋಬಿಯ ಗಂಟಿಗೆ ಹೋಗುತ್ತದೆ. ಬಾತ್‌ರೂಮಿನಲ್ಲಿ ಇಡುವುದು ಅವಮಾನ. ಟೇಬಲ್ ಮೇಲೆ, ಬೋರಲು ಹಾಕಿದ ನೀರಿನ ಗ್ಲಾಸಿನ ಕೆಳಗೆ ಚೀಟಿ ಮತ್ತು ನೋಟು ಒಟ್ಟಿಗೆ ಇಡಿ. ಫ್ಯಾನ್ ಗಾಳಿಗೆ ಹಾರುವುದಿಲ್ಲ, ಬಾಗಿಲು ತೆರೆದ ಕೂಡಲೇ ಕಾಣುತ್ತದೆ. ಒಂದು ಮಾತು, ನಿಮ್ಮ ಸ್ವಂತ ರೊಕ್ಕ, ಬಂಗಾರ ಅದೇ ಟೇಬಲ್ ಮೇಲೆ ಬಿಟ್ಟು ಹೋಗಬೇಡಿ. ಯಾವುದು ತನ್ನದು, ಯಾವುದು ನಿಮ್ಮದು ಅನ್ನುವ ಗೊಂದಲ ಆಕೆಗೆ ಬೇಡ.

ರೊಕ್ಕದ ಬದಲು ಬೇರೆ ಏನಾದರೂ?

ಅರ್ಧ ಖಾಲಿಯಾದ ಶಾಂಪೂ, ಹಳೇ ಬನಿಯನ್, ನೀವು ತಿಂದು ಬಿಟ್ಟ ತಹರಿ ಇವು ಯಾವುವೂ ಟಿಪ್ಸ್ ಅಲ್ಲ, ಅವು ಕಸ. ಮುಚ್ಚಳ ತೆಗೆಯದ ನೀರಿನ ಬಾಟಲಿ ಬಿಟ್ಟು ಹೋಗಬಹುದು. ಮಾಲ್ಪುರಿಯ ಒಂದು ಡಬ್ಬಿ ಹೆಚ್ಚಿಗೆ ಕಟ್ಟಿಸಿ ಕೊಟ್ಟರೆ ಖುಷಿಪಡುತ್ತಾರೆ, ಆದರೆ ಅದು ರೊಕ್ಕದ ಜೊತೆಗೆ. ದಸರಾದಲ್ಲಿ ಬನ್ನಿ ಕೊಟ್ಟು ಕೈ ಮುಗಿಯುವಾಗಲೂ ಅಷ್ಟೇ.

ಮದುವೆಗೆ ಬಂದವರು

ಇದನ್ನು ಬೇರೆಯಾಗಿಯೇ ಹೇಳಬೇಕು. ನನ್ನ ನಾಲ್ಕು ವರ್ಷದಲ್ಲಿ ಅತಿ ಹೆಚ್ಚು ಕಸ, ಅತಿ ಕಡಿಮೆ ಟಿಪ್ಸ್ ಬಂದದ್ದು ಮದುವೆ ಪಾರ್ಟಿಗಳಿಂದ. ಬೀಗರಿಗಾಗಿ ಹನ್ನೆರಡು ರೂಮ್ ಹಿಡಿದಿರುತ್ತಾರೆ. ಒಂದೊಂದರಲ್ಲಿ ಆರೇಳು ಜನ. ಹೂವಿನ ಎಸಳು, ಹೇರ್‌ಪಿನ್ನು, ಮೇಕಪ್ಪು, ಎಲೆ ಅಡಿಕೆಯ ಉಗುಳು, ಬಾಗಿಲ ಹಿಡಿಕೆಗೆ ಕುಂಕುಮ. ಬೀಗರು ಹೆಣ್ಣಿನ ಮನೆಯವರು ಕೊಡುತ್ತಾರೆ ಅಂದುಕೊಳ್ಳುತ್ತಾರೆ. ಹೆಣ್ಣಿನ ಅಪ್ಪ ಬಾಡಿಗೆಯಲ್ಲೇ ಎಲ್ಲ ಸೇರಿದೆ ಅಂದುಕೊಳ್ಳುತ್ತಾನೆ. ಅಡುಗೆಯವರಿಗೆ, ಬ್ಯಾಂಡಿನವರಿಗೆ, ಕಾರ್ ಡ್ರೈವರಿಗೆ ಎಲ್ಲ ಭಕ್ಷೀಸು ನೆನಪಿಟ್ಟು ಕೊಡುವ ಕಾಕಾ ಒಬ್ಬ ಇದ್ದೇ ಇರುತ್ತಾನೆ. ಅವನ ಪಟ್ಟಿಯಲ್ಲಿ ಲಾಡ್ಜ್ ಇರುವುದಿಲ್ಲ.

ನೀವು ಮದುವೆ ಮನೆಯವರಾಗಿದ್ದರೆ ಖರ್ಚಿನ ಪಟ್ಟಿ ಬರೆಯುವಾಗಲೇ ಒಂದು ಸಾಲು ಸೇರಿಸಿ: ರೂಮಿಗೆ 100ರಂತೆ, ಹನ್ನೆರಡು ರೂಮಿಗೆ 1,200. ಲಗ್ನಕ್ಕೆ ಖರ್ಚು ಮಾಡುವ ಲಕ್ಷಗಳಲ್ಲಿ ಇದು ಹೂವಿನ ಹಾರದ ಖರ್ಚಿನಷ್ಟೂ ಅಲ್ಲ. ಅದನ್ನು ಮ್ಯಾನೇಜರಿಗೆ ಒಬ್ಬನೇ ಇದ್ದಾಗ ಕೊಡಬೇಡಿ. ಕ್ಲೀನಿಂಗಿನವರನ್ನೆಲ್ಲ ಕರೆಸಿ, ಅವರೆದುರೇ ಎಷ್ಟು ಅಂತ ಬಾಯಿಬಿಟ್ಟು ಹೇಳಿ, ಅವರಲ್ಲಿ ಹಿರಿಯಳ ಕೈಗೆ ಕೊಡಿ. ಮೊತ್ತ ಎಲ್ಲರ ಕಿವಿಗೆ ಬಿದ್ದ ಮೇಲೆ ಅದರಲ್ಲಿ ಯಾರೂ ಕೈಯಾಡಿಸಲು ಬರುವುದಿಲ್ಲ. ನೀವು ಬೀಗರ ಕಡೆಯವರಾಗಿದ್ದರೆ ನಿಮ್ಮ ರೂಮಿನದು ನೀವು ಕೊಟ್ಟು ಹೋಗಿ. ಎರಡು ಕಡೆಯಿಂದ ಬಂದರೆ ಯಾರಿಗೂ ನಷ್ಟವಿಲ್ಲ.

ಟಿಪ್ಸ್ ನಡೆಯದ ಜಾಗ

ಬೀದರಿನ ಗುರು ನಾನಕ್ ಝಿರಾ ಸಾಹೇಬ್ ಗುರುದ್ವಾರದಲ್ಲಿ ಯಾತ್ರಿಕರಿಗೆ ಉಳಿಯುವ ವ್ಯವಸ್ಥೆ ಇದೆ. ಅಲ್ಲಿ ಪಾತ್ರೆ ತೊಳೆಯುತ್ತ, ನೆಲ ಒರೆಸುತ್ತ ಇರುವವರಲ್ಲಿ ಅನೇಕರು ಸೇವೆಗೆ ಬಂದ ಭಕ್ತರು. ಅವರ ಕೈಗೆ ನೋಟು ತುರುಕಿದರೆ ನೊಂದುಕೊಳ್ಳುತ್ತಾರೆ. ಕೊಡಬೇಕೆನಿಸಿದರೆ ಗೋಲಕಕ್ಕೆ, ಅಂದರೆ ಕಾಣಿಕೆ ಪೆಟ್ಟಿಗೆಗೆ ಹಾಕಿ, ಇಲ್ಲವೇ ನೀವೂ ಒಂದು ಗಂಟೆ ಅಲ್ಲಿನ ದಾಸೋಹದ ಅಡುಗೆಮನೆಯಾದ ಲಂಗರಿನಲ್ಲಿ ಕೂತು ರೊಟ್ಟಿ ಲಟ್ಟಿಸಿ.

ಗಾಣಗಾಪುರದ ಮಾತು ಬೇರೆ. ದತ್ತನ ದರ್ಶನಕ್ಕೆ ಬಂದವರು ಕೆಲವರು ಪೂಜಾರಿಗಳ ಮನೆಯಲ್ಲೇ ಇಳಿಯುತ್ತಾರೆ. ಹೋಗುವಾಗ ದಕ್ಷಿಣೆ ಕೊಡುತ್ತಾರೆ, ಅದು ಪೂಜಾರಿಗೆ ಸಲ್ಲುತ್ತದೆ. ಭೀಮಾ, ಅಮರ್ಜಾ ಸಂಗಮದಲ್ಲಿ ಮುಳುಗಿ ಬಂದ ಒದ್ದೆ ಧೋತರ, ಕಾಲಿಗೆ ಮೆತ್ತಿದ ಕೆಸರು ಇದನ್ನೆಲ್ಲ ಒರೆಸಿದ ಕೆಲಸದ ಹೆಂಗಸು ಬೇರೆ ಇರುತ್ತಾಳೆ. ದಕ್ಷಿಣೆಯಲ್ಲಿ ಆಕೆಯದು ಸೇರಿದೆ ಅಂದುಕೊಳ್ಳಬೇಡಿ, ಆಕೆಗೆ ಬೇರೆಯೇ ಕೊಡಿ. ಅಮಾವಾಸ್ಯೆ, ಹುಣ್ಣಿಮೆಗೆ ಬಂದ ಜನದ ಮಧ್ಯೆ ಆಕೆಯನ್ನು ಹುಡುಕುವುದು ಕಷ್ಟ, ಬಂದ ದಿನವೇ ಕೊಟ್ಟುಬಿಡುವುದು ಸುಲಭ. ಶರಣಬಸವೇಶ್ವರ ಜಾತ್ರೆ, ಬಂದೇನವಾಜರ ಉರುಸಿನ ದಿನಗಳಲ್ಲಿ ಕಲಬುರಗಿಯ ಲಾಡ್ಜುಗಳಿಗೂ ಇದೇ ಮಾತು.

ಸರಕಾರಿ ಐಬಿಯಲ್ಲಿ, ಅಂದರೆ ಪ್ರವಾಸಿ ಮಂದಿರದಲ್ಲಿ ಉಳಿದರೆ ಅಡುಗೆ, ಉಸ್ತುವಾರಿ ನೋಡುವ ಮೇಟಿ ಇರುತ್ತಾರೆ. ಅಧಿಕಾರಿಗಳ ಜೊತೆ ಹೋದವರು ಅವರನ್ನು ಪುಕ್ಕಟೆ ದುಡಿಸಿಕೊಂಡು ಬರುವುದೇ ರೂಢಿ. ಬೆಳಿಗ್ಗೆ ಬಿಸಿನೀರು ಕಾಸಿಕೊಟ್ಟು, ಜೋಳದ ರೊಟ್ಟಿ ಮಾಡಿಸಿ ಹಾಕಿದ್ದರೆ ಸಾಮಾನು ತಂದ ಖರ್ಚನ್ನು ಮೊದಲು ಕೇಳಿ ಕೊಡಿ. ಭಕ್ಷೀಸು ಆಮೇಲಿನ ಮಾತು.

ಬಿಲ್ಲಿನಲ್ಲಿ ಕಾಣುವ ಸಾಲುಗಳು

'ಬಿಲ್ಲಿನಲ್ಲೇ ಹಿಡಿದಾರಲ್ಲ' ಅನ್ನುವವರಿಗೆ ಇಷ್ಟು. ಜಿಎಸ್‌ಟಿ ಸರಕಾರಕ್ಕೆ ಹೋಗುವ ತೆರಿಗೆ. ದಿನಕ್ಕೆ 7,500 ರೂಪಾಯಿವರೆಗಿನ ಬಾಡಿಗೆಯ ಮೇಲೆ ಅದು 2025ರ ಸೆಪ್ಟೆಂಬರ್ 22ರಿಂದ ಶೇ 5. ಕ್ಲೀನಿಂಗಿನವರಿಗೂ ಅದಕ್ಕೂ ಸಂಬಂಧವಿಲ್ಲ. ಸರ್ವೀಸ್ ಚಾರ್ಜ್ ಅಂತ ಇನ್ನೊಂದು ಸಾಲು ಇದ್ದರೆ, ಅದು ಹೋಟೆಲಿನವರೇ ಹಾಕಿಕೊಂಡದ್ದು. ಗಿರಾಕಿಯನ್ನು ಕೇಳದೆ ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಅನ್ನುವ ಹಕ್ಕು ನಿಮಗಿದೆ, ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ತೆಗೆಸಿ ಉಳಿದ ರೊಕ್ಕದಲ್ಲಿ ಒಂದು ಪಾಲು ಮೇಲಿನ ಫ್ಲೋರಿಗೆ ಒಯ್ದು ಕೊಡಿ.

ರೂಮ್ ಚೆನ್ನಾಗಿರದಿದ್ದರೆ

ಗೀಸರ್ ಕೆಟ್ಟದ್ದು, ಎಸಿ ತಂಪು ಕೊಡದ್ದು, ನಮ್ಮೂರ ಗಡಸು ನೀರಿಗೆ ಬಕೆಟ್ ಬಿಳಿ ಬಿಳಿಯಾದದ್ದು ಇವು ಕ್ಲೀನಿಂಗಿನವರ ತಪ್ಪಲ್ಲ. ಆ ಸಿಟ್ಟು ಕೌಂಟರಿಗೆ ಬಂದು ತೀರಿಸಿಕೊಳ್ಳಿ, ನಾವು ಅದಕ್ಕೇ ಕೂತಿರುತ್ತೇವೆ. ಬೆಡ್‌ಶೀಟ್ ಬದಲಿಸಿಲ್ಲ, ಕೂದಲು ಹಾಗೇ ಇದೆ ಅಂದರೆ ಮೊದಲು ಕರೆದು ತೋರಿಸಿ. ಹೇಳಿದ ಮೇಲೂ ಮಾಡದಿದ್ದರೆ ಕೊಡಬೇಡಿ. ಅದರಲ್ಲಿ ಸಂಕೋಚವೇನೂ ಬೇಡ.

ಹೊರಡುವ ಹಿಂದಿನ ದಿನ

ನಸುಕಿನ ರೈಲು ಹಿಡಿಯುವವರು ನಾಲ್ಕಕ್ಕೇ ರೂಮ್ ಬಿಡುತ್ತಾರೆ. ಆ ಹೊತ್ತಿಗೆ ಎದ್ದಿರುವುದು ನೈಟ್ ಡ್ಯೂಟಿಯವನೊಬ್ಬನೇ, ಟಿಪ್ಸ್ ಪೂರ್ತಿ ಅವನಿಗೇ ಹೋಗುತ್ತದೆ. ಕ್ಲೀನಿಂಗಿನವರು ಸಂಜೆ ನಾಲ್ಕರ ಸುಮಾರಿಗೆ ಮನೆಗೆ ಹೊರಡುತ್ತಾರೆ. ಅದಕ್ಕೆ ಮೊದಲು, ಹಿಂದಿನ ದಿನವೇ, ಮರುದಿನದ್ದೂ ಸೇರಿಸಿ ಕೊಟ್ಟುಬಿಡಿ. ರಾತ್ರಿ ಎಲ್ಲ ಬ್ಯಾಗು ಕಟ್ಟುವಾಗ ಕಸವನ್ನು ಒಂದೇ ಕವರಿಗೆ ಹಾಕಿ, ಒದ್ದೆ ಟವಲುಗಳನ್ನು ಒಂದು ಕಡೆ ಗುಡ್ಡೆ ಹಾಕಿ. ಮಂಚದ ಕೆಳಗೆ ಒಮ್ಮೆ ಬಗ್ಗಿ ನೋಡಿ, ಚಾರ್ಜರ್ ಅಲ್ಲೇ ಬಿದ್ದಿರುತ್ತದೆ. ನೀವು ಯಾದಗಿರಿ ದಾಟಿದ ಮೇಲೆ ಫೋನ್ ಮಾಡಿ 'ಅಲ್ಲೇ ಇಟ್ಟಿದ್ದೆ, ಎಲ್ಲಿ ಹೋಯಿತು?' ಅಂದರೆ ಮೊದಲು ಕರೆಸುವುದು ಆಕೆಯನ್ನೇ.